ಎಡಗಡೆ ನಿಂತ ದಿನ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.10

ಇದನ್ನು ಬರೆಯದೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಯಾರೂ ಓದದ ಪುಸ್ತಕದಲ್ಲೂ ಮುಚ್ಚಿಡಬೇಕು ಅನಿಸಿತಲ್ಲ... ಸರಿ. ಇವರಿಗೆ ಎಡಗಡೆ ಸರಿಯಾಗಿ ಕಾಣುತ್ತಿಲ್ಲ. ನನಗೆ ಜುಲೈನಿಂದ ಗೊತ್ತು. ಹೇಳಿಲ್ಲ.

ಹೇಗೆ ಗೊತ್ತಾಯಿತು ಎಂಬುದನ್ನೂ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ. ನಮ್ಮದು ಬೆಟ್ಟಗಳ ಮೇಲಿರುವ ಮಳೆಮಾಪಕ, ಗಾಳಿಮಾಪಕಗಳನ್ನು ನೋಡಿಕೊಳ್ಳುವ ಕೆಲಸ. ಹನ್ನೊಂದು ಸ್ಟೇಷನ್, ಹದಿನೈದು ದಿನಕ್ಕೊಂದು ಸುತ್ತು. ಜೀಪು ಓಡಿಸುವುದು, ಏಣಿ ಹತ್ತುವುದು ಇವರು. ರೀಡಿಂಗ್ ಬರೆದುಕೊಳ್ಳುವುದು ನಾನು. ದಾರಿ ಕೆಟ್ಟಿರುವ ಕಡೆ ನಾನು ಇಳಿದು ಮುಂದೆ ಹೋಗುತ್ತೇನೆ. ಜೀಪಿನ ಕಡೆ ಮುಖಮಾಡಿ, ಹಿಂದಕ್ಕೆ ಹೆಜ್ಜೆಯಿಡುತ್ತಾ, ಚಕ್ರ ಎಲ್ಲಿ ಬರಬೇಕೆಂದು ಕೈಸನ್ನೆ ಮಾಡುತ್ತೇನೆ. ಮದುವೆಯಾದ ಹೊಸದರಲ್ಲಿ ಇವರು ಕಲಿಸಿದ ನಿಯಮ ಒಂದೇ. ಓಡಿಸುವವರು ನೆಲ ನೋಡಬಾರದು, ಕೈ ನೋಡಬೇಕು. ಕೈ ನಿಲ್ಲು ಅಂದರೆ ನಿಲ್ಲಬೇಕು. ಏಕೆಂದು ಕೇಳಬಾರದು.

ಜುಲೈನಲ್ಲಿ ಒಂದು ದಿನ ಇವರ ಎಡಗಡೆ ನಿಂತು ನಿಲ್ಲು ಎಂದು ಕೈ ಎತ್ತಿದೆ. ನಿಲ್ಲಲಿಲ್ಲ. ಇನ್ನೆರಡು ಸಲ ಹಾಗೇ ಆಯಿತು. ಅಂದಿನಿಂದ ಇವರ ಬಲಗಡೆ ಮಾತ್ರ ನಿಲ್ಲುತ್ತೇನೆ. ಅಷ್ಟೇ ಮಾಡಿದ್ದು. ಎಲ್ಲ ಸರಿಹೋಯಿತು.

ಸರಿಹೋಯಿತು ಎಂದು ಎಷ್ಟು ಸುಲಭವಾಗಿ ಬರೆದುಬಿಟ್ಟೆ.

ಫೆಬ್ರವರಿ 5, ಬುಧವಾರ

ಜೀಪಿನ ಕಥೆ ಮುಗಿಯಿತು. ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿ ಹಳೇ ಪೇಪರ್ ಮೇಲೆ ಹರಡಿದ್ದ. ಹಲ್ಲು ಉದುರಿದ ಚಕ್ರವೊಂದನ್ನು ನನ್ನ ಅಂಗೈಯಲ್ಲಿಟ್ಟ.

“ಮೇಡಂ, ಇದಕ್ಕೆ ಇನ್ನು ಕಟ್ಟಿಸೋ ಹಲ್ಲಿಲ್ಲ. ಕೈಮುಗಿದು ಬಿಟ್ಬಿಡಿ.”

ಇವರು ಬಾನೆಟ್ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು, ಜ್ವರ ನೋಡುವವರ ಹಾಗೆ.

ಆಫೀಸಿನಿಂದ ಮೂರು ವರ್ಷದ ಒಪ್ಪಂದದ ಫಾರಂ ಬಂದಿದೆ. ವಾಹನ ಯಾವುದು, ಮುಖ್ಯ ಚಾಲಕರು ಯಾರು, ತುಂಬಿ ಅಂಚೆಯಲ್ಲಿ ಕಳಿಸಬೇಕು. ಮಾರ್ಚ್ 15ರೊಳಗೆ ತಲುಪಬೇಕು. ಚಾಲಕರ ಕಣ್ಣಿನ ಪರೀಕ್ಷೆಯ ಪತ್ರ ಜೊತೆಗಿರಬೇಕು. ಇದು ಈ ಸಲ ಹೊಸತು. ಆ ಸಾಲನ್ನು ಇವರು ಓದಿದರೋ ಇಲ್ಲವೋ. ನಾನು ಓದಿದೆ. ಮಡಿಚಿಟ್ಟೆ.

ಪಿಕಪ್ ಕೊಳ್ಳುವುದೋ ಎಸ್‌ಯುವಿಯೋ? ಮನೆಯಲ್ಲಿ ಈಗ ಅದೊಂದೇ ಮಾತು. ಇವರದು ಪಿಕಪ್, ನನ್ನದು ಎಸ್‌ಯುವಿ. ಬೇರೆ ಮಾತು ಬರದಿರಲಿ ಎಂದು ನಾನೂ ಅದನ್ನೇ ಆಡುತ್ತಿದ್ದೇನೆ.

ಫೆಬ್ರವರಿ 8, ಶನಿವಾರ

ಶೋರೂಮ್. ಸ್ಕೂಲಿನಲ್ಲಿ ಕಲಿಸಿದ ಹಾಗೆ ಪುಟದ ನಡುವೆ ಗೆರೆ ಎಳೆದುಕೊಂಡು ಹೋಗಿದ್ದೆ. ಪಿಕಪ್: ಹತ್ತಡಿ ಏಣಿ, ಬ್ಯಾಟರಿ, ಸಿಮೆಂಟ್ ಚೀಲ, ಎಲ್ಲ ಹಿಂದೆ ಹಾಕಬಹುದು. ಉದ್ದ ಜಾಸ್ತಿ, ತಿರುಗಿಸಲು ಜಾಗ ಬೇಕು. ಹಿಂಬದಿ ಚಾಚಿಕೊಂಡಿರುವುದರಿಂದ ಹಳ್ಳದಿಂದ ಮೇಲೆ ಹತ್ತುವಾಗ ದಡಕ್ಕೆ ಬಡಿಯುತ್ತದೆ. ಎಸ್‌ಯುವಿ: ಗಿಡ್ಡ, ಚುರುಕು, ಕುಲುಕಾಟ ಕಡಿಮೆ. ಏಣಿ ಹಿಡಿಸುವುದಿಲ್ಲ. ಟಾಪ್ ಮೇಲೆ ಕಟ್ಟಿದರೆ ಕೊಂಬೆಗಳಿಗೆ ಸಿಕ್ಕಿಕೊಳ್ಳುತ್ತದೆ.

ಎಸ್‌ಯುವಿಗೆ ನಾಲ್ಕೂ ಕಡೆ ಕ್ಯಾಮೆರಾ ಇದೆ ಎಂದಳು ಸೇಲ್ಸ್ ಹುಡುಗಿ. ನನ್ನ ಗೆರೆಯ ಆ ಬದಿಯಲ್ಲಿ ಅದನ್ನು ಎರಡು ಸಲ ಬರೆದುಕೊಂಡಿದ್ದೇನೆ. ಅದು ಈಗಷ್ಟೇ ಕಣ್ಣಿಗೆ ಬಿತ್ತು.

“ಎಡಗಡೆ ಚಕ್ರವೂ ಸ್ಕ್ರೀನಲ್ಲಿ ಕಾಣುತ್ತಂತೆ ರೀ,” ಅಂದೆ.

“ಟೀವಿ ನೋಡ್ಕೊಂಡು ಬೆಟ್ಟ ಹತ್ತೋದಾ? ನೀನಿದ್ದೀಯಲ್ಲ ನನಗೆ. ಕರೆಂಟ್ ಬೇಡ, ವೈರಿಂಗ್ ಬೇಡ.”

ಹುಡುಗಿ ನಕ್ಕಳು. ನಾನೂ ನಕ್ಕೆ. ಹೊಗಳಿಕೆ ಇಷ್ಟು ಭಾರ ಇರಬಹುದೆಂದು ಗೊತ್ತಿರಲಿಲ್ಲ.

ಫೆಬ್ರವರಿ 11, ಮಂಗಳವಾರ

ಮೆಕ್ಯಾನಿಕ್ ತನ್ನ ಭಾವಮೈದುನನ ಪಿಕಪ್ ಒಂದು ದಿನದ ಮಟ್ಟಿಗೆ ಕೊಡಿಸುತ್ತಾನಂತೆ. ಗುರುವಾರ ಏಳನೇ ಸ್ಟೇಷನ್ನಿಗೆ ಅದರಲ್ಲೇ.

“ಖಾಲಿ ತಗೊಂಡು ಹೋಗ್ಬೇಡಿ ಸಾರ್. ಹಿಂದೆ ಭಾರ ಇಲ್ದಿದ್ರೆ ಕತ್ತೆ ಥರ ಒದೆಯುತ್ತೆ. ನಾಲ್ಕು ಮರಳು ಚೀಲ ಹಾಕ್ಕೊಳ್ಳಿ.”

“ಮೇಡಂನೇ ಕೂರಿಸ್ಕೊಂಡ್ರಾಯ್ತು ಬಿಡಪ್ಪ,” ಅಂದರು ಇವರು.

“ಅವರು ಅರ್ಧ ಚೀಲಕ್ಕೂ ಆಗಲ್ಲ ಸಾರ್.”

ಇಬ್ಬರೂ ಸೇರಿ ನನ್ನ ಎತ್ತರ, ತೂಕ ಎಲ್ಲದರ ಲೆಕ್ಕ ತೆಗೆದರು. ಇವರು ಹೀಗೆ ನಕ್ಕು ಎಷ್ಟೋ ದಿನವಾಗಿತ್ತು. ಇಂಥ ಹೊತ್ತಲ್ಲಿ ಹೇಳುವುದು ಹೇಗೆ? ಯಾವ ಹೊತ್ತಲ್ಲಿ ಹೇಳುವುದು? ನಗದೇ ಇದ್ದ ದಿನಗಳಲ್ಲಿ, ಪಾಪ ಬೇಸರದಲ್ಲಿದ್ದಾರೆ ಎಂದು ಸುಮ್ಮನಿದ್ದೆ.

ಫೆಬ್ರವರಿ 13, ಗುರುವಾರ. ಸಂಜೆ 5

ಕೂತು ಬರೆಯುತ್ತೇನೆ. ಬಿಡದೆ ಬರೆಯುತ್ತೇನೆ.

ಏಳನೇ ಸ್ಟೇಷನ್ನಿಗೆ ಮುಂಚಿನ ತಿರುವಿನಲ್ಲಿ ದಾರಿಯ ಬಲ ಅಂಚು ಕುಸಿದುಹೋಗಿತ್ತು. ಕಾಲಿಡಲು ಜಾಗವಿಲ್ಲ. ಎಡಗಡೆ ಮೊಣಕಾಲೆತ್ತರದ ಬಂಡೆ. ನಡುವೆ ನಿಂತರೆ ಎಡ ಚಕ್ರ ನನಗೆ ಕಾಣುವುದಿಲ್ಲ. ಇವರ ಎಡಗಡೆಯೇ ನಿಲ್ಲಬೇಕಿತ್ತು. ನಿಂತೆ.

ಆಗಲಾದರೂ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಈ ಒಂದು ಸಲ ಕಾಣಲಿ ದೇವರೇ ಅಂದುಕೊಂಡೆ. ಎರಡೂ ಕೈ ಎತ್ತಿದೆ. ಪಿಕಪ್ ಬಂತು. ಇನ್ನೂ ಬಂತು. ಇವರ ಮುಖ ಕಾಣುತ್ತಿತ್ತು, ಶಾಂತವಾಗಿತ್ತು. ಎಲ್ಲವೂ ಸರಿಯಿದೆ ಎಂದು ನಂಬಿದ ಮುಖ. ಕಿರುಚಿದೆ. ಬಂಪರು ನನ್ನ ಸೊಂಟದ ಚೀಲಕ್ಕೆ ತಾಗಿ ನಿಂತಿತು. ರೀಡಿಂಗ್ ಪುಸ್ತಕ ಚಕ್ರದ ಮುಂದೆ ಬಿತ್ತು.

ಇಳಿದು ಬಂದರು. ಮೊದಲು ನನ್ನ ಕೈಕಾಲು ಮುಟ್ಟಿ ನೋಡಿದರು. ಆಮೇಲೆ ಪುಸ್ತಕ ಎತ್ತಿ ಮಣ್ಣು ಒರೆಸಿದರು. ತುಂಬ ಹೊತ್ತು ಒರೆಸಿದರು.

“ಎಷ್ಟು ದಿನದಿಂದ ಗೊತ್ತು ನಿನಗೆ?”

“ಜುಲೈನಿಂದ.”

“ನನಗೆ ಜೂನ್‌ನಿಂದ.”

ಪಿಕಪ್ಪಿನ ಹಿಂಬಾಗಿಲು ಇಳಿಸಿ ಅದರ ಮೇಲೆ ಕೂತೆವು, ಮರಳು ಚೀಲಗಳಿಗೆ ಬೆನ್ನು ಕೊಟ್ಟು.

“ನೀನು ಬಲಗಡೆನೇ ನಿಲ್ಲೋಕೆ ಶುರು ಮಾಡಿದ್ಯಲ್ಲ, ಓಹೋ ಇವಳಿಗೂ ಗೊತ್ತಾಗಿದೆ ಅಂದ್ಕೊಂಡೆ. ಆಮೇಲೆ ಆರಾಮಾಗಿಬಿಟ್ಟೆ. ಹೇಳೋ ಕಷ್ಟ ತಪ್ತಲ್ಲ.”

“ಮತ್ತೆ ಡಾಕ್ಟರ್ ಹತ್ರ ಯಾಕೆ ಹೋಗ್ಲಿಲ್ಲ ರೀ?”

“ನೀನ್ಯಾಕೆ ಕರ್ಕೊಂಡು ಹೋಗ್ಲಿಲ್ಲ?”

ಕಾಲು ಇಳಿಬಿಟ್ಟು ಕಣಿವೆ ನೋಡುತ್ತಾ ಫ್ಲಾಸ್ಕಿನ ಟೀ ಕುಡಿದೆವು. ಲೋಟ ಖಾಲಿಯಾದ ಮೇಲೆ, “ಹೀಗೆ ಕೂತ್ಕೊಳ್ಳೋದಕ್ಕೆ ಪಿಕಪ್ಪೇ ವಾಸಿ,” ಅಂದರು. ನನಗೆ ಅಳು ಬಂದದ್ದು ಆಗ.

ವಾಪಸ್ ನಾನು ಓಡಿಸಿದೆ. ಡಾಂಬರು ಬಿಟ್ಟು ಇಳಿದವಳೇ ಅಲ್ಲ ನಾನು. ತಿರುಗಿಸಲು ಜಾಗ ಸಿಗುವವರೆಗೆ ನಾನೂರು ಹೆಜ್ಜೆ ರಿವರ್ಸ್. ಇವರು ಹಿಂದೆ ನಡೆಯುತ್ತಾ ಕನ್ನಡಿಯಲ್ಲಿ ಕೈ ತೋರಿಸಿದರು. ಆಮೇಲೆ ಮುಂದಕ್ಕೆ ಹೊರಟರೆ ನನಗೆ ಬಾನೆಟ್ ಬಿಟ್ಟು ಇನ್ನೇನೂ ಕಾಣದು. ಟಾರ್ಪಾಲು ಮಡಿಸಿ ಸೀಟಿನ ಮೇಲಿಟ್ಟು ನನ್ನನ್ನು ಅದರ ಮೇಲೆ ಕೂರಿಸಿದರು. “ನೆಲ ನೋಡ್ಬೇಡ. ಕೈ ನೋಡು.” ನೋಡಿದೆ. ಹದಿನೆಂಟು ವರ್ಷದಲ್ಲಿ ಆ ಕೈಗಳನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಫೆಬ್ರವರಿ 22, ಶನಿವಾರ

ಒಂಬತ್ತು ದಿನ ಬರೆಯಲಾಗಲಿಲ್ಲ.

ಕಣ್ಣಾಸ್ಪತ್ರೆಗೆ ಹೋಗಿ ಬಂದೆವು. ಇವರ ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿದೆ. ಎಡಗಣ್ಣಿನ ನೋಟದ ಹೊರ ಅರ್ಧ ಹೋಗಿದೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು. ದಿನಕ್ಕೆ ಎರಡು ಸಲ ಡ್ರಾಪ್ಸ್, ಜೀವನಪೂರ್ತಿ. ಬೆಟ್ಟದ ದಾರಿಯಲ್ಲಿ ಗಾಡಿ ಓಡಿಸುವಂತಿಲ್ಲ.

ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. “ಜುಲೈನಲ್ಲೇ ಬಂದಿದ್ದರೆ?”

ಆಕೆ ಪೆನ್ನು ಕೆಳಗಿಟ್ಟರು. “ಸ್ವಲ್ಪ ಉಳೀತಿತ್ತು ಅಮ್ಮ. ಎಷ್ಟು ಅಂತ ಹೇಳೋಕಾಗಲ್ಲ.”

ಸ್ವಲ್ಪ. ಎಷ್ಟೆಂದು ಗೊತ್ತಿಲ್ಲದ ಸ್ವಲ್ಪ. ಅದು ನನ್ನದು. ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಬಹುದು. ಹೇಳಿಕೊಂಡೆ ಕೂಡ. ಆದರೆ ಬಲಗಡೆ ನಿಂತಾಗ ಕಾಪಾಡಿದ್ದು ಇವರನ್ನೋ, ಹೇಳುವ ಕಷ್ಟದಿಂದ ನನ್ನನ್ನೋ?

ಬಸ್ಸಿನಲ್ಲಿ ಇವರು, “ಒಬ್ಬಳೇ ಹೊತ್ಕೋಬೇಡ. ನಾನೂ ಬಾಯಿ ಮುಚ್ಕೊಂಡಿದ್ದೆ. ಅರ್ಧ ಅರ್ಧ,” ಅಂದರು. ನನ್ನನ್ನು ತಮ್ಮ ಬಲಗಡೆಯ ಸೀಟಿನಲ್ಲಿ ಕೂರಿಸಿಕೊಂಡಿದ್ದರು. ಕಾಣಲಿ ಎಂದು.

ಫೆಬ್ರವರಿ 25, ಮಂಗಳವಾರ

ಜಗಳ. ಒಳ್ಳೆಯ ಜಗಳ, ಬಾಗಿಲು ಬಡಿಯುವಂಥದ್ದು. ವಿಷಯ ಮತ್ತೆ ಪಿಕಪ್ಪೋ ಎಸ್‌ಯುವಿಯೋ. ಆದರೆ ಇಬ್ಬರೂ ಪಕ್ಷ ಬದಲಾಯಿಸಿದ್ದೇವೆ.

“ಪಿಕಪ್ಪೇ ತಗೊಳ್ಳೋಣ. ನಿಮಗದು ಇಷ್ಟ. ಏಣಿಯೂ ಹಿಡಿಸುತ್ತೆ.”

“ಓಡಿಸೋಳು ನೀನು. ಟಾರ್ಪಾಲ್ ಮೇಲೆ ಕೂತು ಮೂರು ವರ್ಷ ಓಡಿಸ್ತೀಯಾ? ಎಸ್‌ಯುವಿ ಸೀಟು ಎತ್ತರ ಆಗುತ್ತೆ, ಮೂತಿ ಗಿಡ್ಡ. ಮೂರನೇ ಸ್ಟೇಷನ್ ಹಳ್ಳದಲ್ಲಿ ಹಿಂದೆ ತಗಲಲ್ಲ.”

“ನಾನು ಓಡಿಸ್ತೀನಿ ಅಂತ ಯಾರು ಹೇಳಿದ್ರು? ಡ್ರೈವರ್ ಇಟ್ಕೊಳ್ಳೋಣ.”

“ನಿನ್ನ ಕೈ ಬಿಟ್ರೆ ಬೇರೆ ಯಾರ ಕೈಯನ್ನೂ ನೋಡ್ಕೊಂಡು ಹತ್ತೋನಲ್ಲ ನಾನು ಅಂತಿದ್ದೆ. ಈಗ ಯಾರಿಗೋ ಕೈ ತೋರಿಸ್ಬೇಕಾ? ನಿನಗಾದ್ರೆ ತೋರಿಸ್ತೀನಿ.”

“ಏಣಿ ಏನ್ಮಾಡ್ತೀರಿ? ತಲೆ ಮೇಲೆ ಹೊತ್ಕೊಂಡು ಬರ್ತೀರಾ?”

ಇವರು ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ಫೆಬ್ರವರಿ 28, ಶುಕ್ರವಾರ. ಬೆಳಿಗ್ಗೆ 7.30

ಗರಗಸದ ಸದ್ದಿಗೆ ಎಚ್ಚರವಾಯಿತು. ಅಂಗಳಕ್ಕೆ ಬಂದು ನೋಡಿದರೆ ಏಣಿ ಎರಡು ತುಂಡು.

ಅದು ಇವರು ಕೆಲಸ ಶುರು ಮಾಡಿದ ವರ್ಷದ ಏಣಿ. ಮೇಲಿನ ಮೆಟ್ಟಿಲುಗಳು ಇವರ ಪಾದದ ಅಗಲಕ್ಕೇ ಸವೆದಿವೆ. ಕಬ್ಬಿಣದ ಕೀಲು, ಬೋಲ್ಟು, ಕೊಂಡಿ ಎಲ್ಲ ಮೊದಲೇ ತಂದಿಟ್ಟುಕೊಂಡಿದ್ದರು. ಜಗಳದ ದಿನ ಹೊರಗೆ ಹೋದದ್ದು ಅದಕ್ಕೇ ಇರಬೇಕು. ಬಗ್ಗಿ, ತಲೆಯನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಬಲಗಣ್ಣಿನಿಂದ ತೂತಿನ ಗುರುತು ನೋಡುತ್ತಿದ್ದರು.

“ಮಡಿಸಿದ್ರೆ ಐದಡಿ. ಎಸ್‌ಯುವಿ ಹಿಂದಿನ ಸೀಟು ಬೀಳಿಸಿದ್ರೆ ಐದೂ ಕಾಲು. ಅಳೆದಿದ್ದೀನಿ.”

“ಯಾವಾಗ?”

“ಆವತ್ತು ಶೋರೂಮಲ್ಲೇ. ನೀನು ಕ್ಯಾಮೆರಾ ಬರ್ಕೊಳ್ತಿದ್ಯಲ್ಲ, ಆಗ.”

ಆಗ. ಅಂದರೆ ಎಂಟನೇ ತಾರೀಕು. ಪಿಕಪ್ ಪಿಕಪ್ ಎಂದು ಹಟ ಹಿಡಿದಿದ್ದಾಗಲೇ ಒಳಗೊಳಗೆ ಎಸ್‌ಯುವಿ ಅಳೆದುಕೊಂಡಿದ್ದರು. ಕೀಲಿನ ಇನ್ನೊಂದು ತುದಿ ಹಿಡಿದುಕೊಂಡೆ.

ಮಾರ್ಚ್ 2, ಭಾನುವಾರ

ಎಸ್‌ಯುವಿ ಬುಕ್ ಮಾಡಿದೆವು. ಅದಕ್ಕೂ ಮೊದಲು ಟೆಸ್ಟ್ ಡ್ರೈವ್, ಹಳೇ ಕಲ್ಲುಕ್ವಾರಿಯ ಇಳಿಜಾರಿನಲ್ಲಿ. ಸೇಲ್ಸ್ ಹುಡುಗಿ ಪಕ್ಕದಲ್ಲಿ ಬೆಲ್ಟು ಬಿಗಿದುಕೊಂಡು ಕಣ್ಣು ಮುಚ್ಚಿದ್ದಳು. ಇವರು ಮುಂದೆ. ಎರಡು ಹೆಜ್ಜೆಗೊಮ್ಮೆ ತಲೆ ಪೂರ್ತಿ ತಿರುಗಿಸಿ ಎಡಗಡೆ ನೋಡಿಕೊಳ್ಳುತ್ತಾರೆ. ಹೊಸ ಅಭ್ಯಾಸ. ಸ್ಕ್ರೀನಿನಲ್ಲಿ ನಾಲ್ಕೂ ಚಕ್ರ ಕಾಣುತ್ತಿತ್ತು. ನಾನು ಅದನ್ನು ಆಫ್ ಮಾಡಿದೆ.

ಒಂದು ಕಡೆ ಕೈ ನಿಲ್ಲು ಅಂದಿತು. ನನಗೆ ದಾರಿ ಸರಿಯಾಗಿಯೇ ಕಾಣುತ್ತಿತ್ತು. ಆದರೂ ನಿಂತೆ. ಇಳಿದು ನೋಡಿದರೆ ಬಲ ಚಕ್ರದ ಮುಂದೆ ಹುಲ್ಲು ಮುಚ್ಚಿದ ಗುಂಡಿ.

“ಯಾಕೆ ನಿಂತೆ?” ಅಂತ ಕೇಳಿದರು, ತಮಾಷೆಗೆ.

“ಏಕೆಂದು ಕೇಳ್ಬಾರದು ಅಂದಿದ್ರಲ್ಲ.”

ಮಾರ್ಚ್ 4, ಮಂಗಳವಾರ. ಸಂಜೆ 6.40

ಫಾರಂ ತುಂಬಿದೆ. ವಾಹನ: ಎಸ್‌ಯುವಿ. ಮುಖ್ಯ ಚಾಲಕರು: ನನ್ನ ಹೆಸರು, ನನ್ನ ಅಕ್ಷರ. ನನ್ನ ಕಣ್ಣಿನ ಪತ್ರ ನಾಳೆ ಸಿಗುತ್ತದೆ. ಇವರಿಗೆ ಓದಲು ಕೊಟ್ಟೆ. ವಾಪಸ್ ಬಂದಾಗ ನನ್ನ ಹೆಸರಿನ ಕೆಳಗೆ ಸ್ಕೇಲಿಟ್ಟು ಎಳೆದ ಹೊಸ ಗೆರೆ. ‘ಮುಂದೆ ನಡೆಯುವವರು’ ಎಂದು ಬರೆದು ಸಹಿ ಹಾಕಿದ್ದಾರೆ.

“ಇಂಥ ಕಾಲಮ್ಮೇ ಇಲ್ವಲ್ಲ ರೀ.”

“ಈಗ ಇದೆ.”

ಆಫೀಸಿನವರು ಏನನ್ನುತ್ತಾರೋ. ಹೊಡೆದುಹಾಕಲು ನನಗಂತೂ ಮನಸ್ಸಿಲ್ಲ. ಲಕೋಟೆ ಇನ್ನೂ ಅಂಟಿಸಿಲ್ಲ. ಒಳಗಿನಿಂದ ಕರೆಯುತ್ತಿದ್ದಾರೆ, ಡ್ರಾಪ್ಸ್ ಹೊತ್ತಾಯಿತು. ತಾವೇ ಹಾಕಿಕೊಂಡರೆ ಅರ್ಧ ಕೆನ್ನೆಗೆ ಹೋಗುತ್ತದೆ—

ಫಾರಂ ಅಂಚೆಗೆ ಹಾಕಿದ್ದು: ಮಾರ್ಚ್ 6, ಗುರುವಾರ