ಕೈ ಎತ್ತಿ ನಿಂತ ಅಳತೆ

ಮಿಡಿಗೇಶಿ
೧೧ ಆಗಸ್ಟ್ ೨೦೨೪

ಪ್ರೀತಿಯ ರಂಜು,

ನಿನ್ನ ಅಪ್ಪನ ಆಶೀರ್ವಾದಗಳು. ಪಾವಗಡದಲ್ಲಿ ನಾಗರತ್ನತ್ತೆ, ನೀನು ಇಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಬರೆಯುವುದು ಎರಡು ತಿಂಗಳು ತಡವಾಯಿತು, ಬೈದುಕೋ. ಫೋನ್ ನೀನು ಎತ್ತುವುದಿಲ್ಲ. ಎತ್ತಿದ್ದರೂ ಇದನ್ನು ಬಾಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಪಿ.ಟಿ. ಮೇಷ್ಟ್ರಿಗೆ ಸೀಟಿ ಊದಿ ಅಭ್ಯಾಸವೇ ಹೊರತು ಕಾಗದ ಬರೆದಲ್ಲ.

ಅಮ್ಮ ಚೆನ್ನಾಗಿದ್ದಾಳೆ ಎಂದರೆ ಸುಳ್ಳಾಗುತ್ತದೆ. ಮುದ್ದೆ ಬಡಿಸಿ ಒಳಗೆ ಹೋಗಿಬಿಡುತ್ತಾಳೆ. ಮೊನ್ನೆ ಒಂದೇ ಮಾತು ಆಡಿದಳು: "ಆ ಹುಡ್ಗಿ ಡಿಪ್ಲೊಮಾ ಸೀಟು ಬುಟ್ಟಿದ್ದು ನಿಮ್ಮ್ ಮಾತು ನಂಬ್ಕಂಡು ಕಣ್ರೀ."

ಹೋದ ವಾರ ಮಧುಗಿರಿಯಲ್ಲಿ ನಮಗೆ ತರಬೇತಿ ಇತ್ತು. ಕಲಿಸಲು ಬಂದವನು ಸುರೇಶ್, ನನ್ನ ಅರ್ಧ ವಯಸ್ಸಿನವನು. ನಿಂತಲ್ಲೇ ಮೇಲಕ್ಕೆ ಹಾರುವ ಪರೀಕ್ಷೆಯ ಮಾತು ಬಂತು. ನಾನು ಗತ್ತಿನಿಂದ ನಮ್ಮ ಪದ್ಧತಿ ವಿವರಿಸಿದೆ. ಗೋಡೆಗೆ ನಿಂತು ಕೈ ಎತ್ತಿದಾಗ ಬೆರಳು ಮುಟ್ಟುವ ಎತ್ತರವನ್ನು ರಿಜಿಸ್ಟರಿನಲ್ಲಿ ಬರೆದಿರುತ್ತೇವೆ, ಬೆರಳಿಗೆ ಸುಣ್ಣ ಹಚ್ಚಿ ಹಾರಿಸುತ್ತೇವೆ, ಗುರುತು ಬಿದ್ದ ಎತ್ತರದಿಂದ ಅದನ್ನು ಕಳೆಯುತ್ತೇವೆ ಎಂದೆ.

"ನಿಂತಾಗಿಂದು ಯಾವಾಗ ಅಳ್ದಿದ್ದು ಸಾರ್?" ಎಂದ.

ಒಂಬತ್ತನೇ ಕ್ಲಾಸಿಗೆ ಸೇರಿದಾಗ ಎಂದೆ.

"ಮಕ್ಳು ಬೆಳೀತಾರಲ್ಲ ಸಾರ್. ಪ್ರತಿ ಸಲಾನೂ ಹೊಸ್ದಾಗಿ ಅಳೀಬೇಕು."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಒಂಬತ್ತರಲ್ಲಿ ನೀನು ನಿಂತು ಮುಟ್ಟಿದ್ದು ಇನ್ನೂರೈದು, ಹಾರಿದ್ದು ಮೂವತ್ತೆಂಟು ಸೆಂಟಿಮೀಟರ್. ಹತ್ತು ಮುಗಿಯುವಾಗ ಅದೇ ಹಳೆಯ ಇನ್ನೂರೈದನ್ನು ಕಳೆದು ನಲವತ್ತನಾಲ್ಕು ಎಂದು ಬರೆದೆ. ಕ್ರೀಡಾ ಹಾಸ್ಟೆಲ್ಲಿಗೆ ಬೇಕಿದ್ದದ್ದು ನಲವತ್ತೆರಡು. ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದೆ, ಡಿಪ್ಲೊಮಾ ಬೇಡ ಎಂದೆ. ಆ ಆರು ಸೆಂಟಿಮೀಟರ್ ನೀನು ಹೆಚ್ಚು ಹಾರಿದ್ದಲ್ಲ ಮಗಳೇ, ಬೆಳೆದದ್ದು. ತುಮಕೂರಿನ ಆಯ್ಕೆಯಲ್ಲಿ ಹೊಸದಾಗಿ ಅಳೆದು ಮೂರು ಸಲ ಹಾರಿಸಿದರು. ಮೂರು ಸಲವೂ ಮೂವತ್ತೆಂಟೇ ಬಂತು.

ಗೇಟಿನ ಹತ್ತಿರ ಎಲ್ಲರೆದುರು ನಿನ್ನನ್ನು ಬೈದೆ. "ಮನಸಿಟ್ಟು ಹಾರ್ಲಿಲ್ಲ ಕಣೇ ನೀನು. ನನ್ನ ಮಾನ ಕಳೆದ್ಬುಟ್ಟೆ" ಎಂದೆ. "ಹಾರ್ದೆ ಅಪ್ಪ" ಎಂದಷ್ಟೇ ಹೇಳಿದೆ ನೀನು. ಅದೇ ನೀನು ನನ್ನೊಡನೆ ಆಡಿದ ಕೊನೆಯ ಮಾತು.

ಹಾಸ್ಟೆಲ್ಲಿಗೆ ಇನ್ನು ವಯಸ್ಸು ಮೀರಿತು. ಮುಂದಿನ ವರ್ಷವಾದರೂ ಓದಲಿ ಎಂದು ಅತ್ತೆಯ ಹತ್ತಿರ ಹೇಳಿಸಿದೆ. "ಹೊಲಿಗೆ ಅಂಗಡೀನೇ ಸಾಕಂತೆ ಕಣಣ್ಣಾ. ಅಪ್ಪ ಅಳೆದಿದ್ದು ಸಾಕು ಅಂತಾಳೆ" ಎಂದಳು. ನಿನ್ನ ತಪ್ಪೇನಿಲ್ಲ. ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ. ಇದನ್ನು ಸರಿಮಾಡುವ ದಾರಿ ನನಗೆ ಕಾಣುತ್ತಿಲ್ಲ.

ನಿನಗೆ ಒಳ್ಳೆಯದಾಗಲಿ ಎನ್ನಲು ನನಗೆ ಮುಖವಿಲ್ಲ, ಆದರೂ ಹೆತ್ತವನು, ಅನ್ನುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ,
ನಾಗಲಿಂಗಯ್ಯ

ತಾ.ಕ.: ಸುರೇಶ್ ಹೇಳಿದ ಮೇಲೆ ನನಗೆ ತಿಳಿಯಿತು ಎಂಬಂತೆ ಮೇಲೆ ಬರೆದಿದ್ದೇನೆ. ಅದು ನಿಜವಲ್ಲ. ಆಯ್ಕೆಯ ಹಿಂದಿನ ದಿನ ಬೆಳಿಗ್ಗೆ, ತೋಳು ಸಡಿಲವಾಗಲಿ ಎಂದು ನಿನ್ನನ್ನು ಗೋಡೆಗೆ ನಿಲ್ಲಿಸಿ ಕೈ ಎತ್ತಿಸಿದೆನಲ್ಲ, ಬೆರಳು ಗೋಡೆಯ ಮೇಲಿನ ಇನ್ನೂರ ಹನ್ನೊಂದರ ಗೆರೆಯನ್ನು ಮುಟ್ಟಿತ್ತು. ಕಳೆಯುವ ಲೆಕ್ಕ ಬಾರದವನಲ್ಲ ನಾನು. ಡಿಪ್ಲೊಮಾ ಸೀಟು ಒಪ್ಪಿಕೊಳ್ಳಲು ಅಂದು ಸಂಜೆ ಐದರವರೆಗೆ ಸಮಯವಿತ್ತು. ಊರಿಗೆಲ್ಲ ಹೇಳಿಯಾಗಿತ್ತು, ಸುಮ್ಮನಿದ್ದೆ. ಗೇಟಿನ ಹತ್ತಿರ ನಿನ್ನನ್ನು ಬೈಯುವಾಗಲೂ ನನಗೆ ಗೊತ್ತಿತ್ತು.