ಜೀಪಜ್ಜನಿಗೆ, ಹುಲಿಗೆಮ್ಮನ ತಮ್ಮನಿಂದ

ಸಂಡೂರು ಹೊಂಡಸೀಮೆ
ಕ್ರಿ.ಶ. ೨೨೩೧, ನೀರಿಳಿ ತಿಂಗಳ ಕೊನೆಯ ವಾರ

ಜೀಪಜ್ಜನವರಿಗೆ ಗಾದಿಲಿಂಗನ ನಮಸ್ಕಾರ.

ನಾನು ಹುಟ್ಟಲು ಇನ್ನೂ ಏಳು ತಲೆಮಾರು ಬಾಕಿಯಿರುವಾಗ ನೀವು ಇದನ್ನು ಓದುತ್ತಿದ್ದೀರಿ. ನಿಮಗೆ ತಿಳಿಯದ ಪದಗಳು ಬಂದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತದ್ದು, ಅದೂ ಅರೆಮನಸ್ಸಿನಿಂದ. ಮಳೆ ನಿಂತು ಹೊಂಡಗಳ ನೀರು ಇಳಿಯತೊಡಗುವ ಈ ತಿಂಗಳಲ್ಲಿ ಮನೆಗೊಬ್ಬರು ಹಿರಿಯರಿಗೆ ಹಿನ್ನೋಲೆ ಬರೆಯುವುದು ನಮ್ಮ ಸೀಮೆಯ ಪದ್ಧತಿ. ಹಿನ್ನೋಲೆ ಎಂದರೆ ಹಿಂದಿನವರಿಗೆ ಬರೆದ ಓಲೆ. ಅದು ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಉಳಿದವರು ಆಶೀರ್ವಾದ ಬೇಡಿ ಬರೆಯುತ್ತಾರೆ. ನಾನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ಅದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ನಿಮ್ಮ ಹೆಸರು ನಮ್ಮಲ್ಲಿ ಉಳಿದಿಲ್ಲ. ಉಳಿದಿರುವುದು ನಿಮ್ಮ ಜೀಪು. ಈಗ ನೀವು ಅಂಗಳದಲ್ಲಿ ಬಿಚ್ಚಿ ಹರಡಿಕೊಂಡು ಕೂತಿದ್ದೀರಲ್ಲ, ಅದೇ. ಹಾಗಾಗಿ ನಿಮ್ಮನ್ನು ಜೀಪಜ್ಜ ಎಂದೇ ಕರೆಯುತ್ತೇವೆ.

ನಿಮ್ಮ ಕಾಲದಲ್ಲಿ ಅದಿರು ತೆಗೆದ ಗುಂಡಿಗಳೆಲ್ಲ ಈಗ ಕೆರೆಗಳು. ಅವುಗಳ ನಡುವಿನ ದಿಬ್ಬಗಳ ಮೇಲೆ ನಮ್ಮ ಮನೆಗಳಿವೆ. ಊರಿಂದ ಊರಿಗೆ ಹೋಗಲು ತಾನೋಡಗಳಿವೆ, ತಾವೇ ಓಡುವ ಗಾಡಿಗಳು. ಅವಕ್ಕೆ ಚಕ್ರವುಂಟು, ಸ್ಟೇರಿಂಗ್ ಇಲ್ಲ. ಅವಕ್ಕೆಂದೇ ಹಾಸಿದ ಹಾಸುದಾರಿಯನ್ನು ಬಿಟ್ಟು ಗೇಣು ಜಾಗವೂ ಆಚೆ ಇಳಿಯುವುದಿಲ್ಲ. ಹಾಸುದಾರಿ ಕಾಯುವುದೇ ನನ್ನ ಕೆಲಸ. ಮೇಕೆ ಅಡ್ಡ ಬಂದರೆ ಓಡಿಸುತ್ತೇನೆ, ಕಲ್ಲು ಬಿದ್ದರೆ ಎತ್ತಿಹಾಕುತ್ತೇನೆ. ದಿನವಿಡೀ ಗಾಡಿಗಳ ಪಕ್ಕದಲ್ಲಿದ್ದೂ ಒಂದನ್ನೂ ನಡೆಸಿದವನಲ್ಲ. ಆದ್ದರಿಂದಲೇ ಕೊಟ್ಟಿಗೆಯಲ್ಲಿದ್ದ ನಿಮ್ಮ ಜೀಪು ನನ್ನದಾಗುತ್ತದೆ ಎಂದು ನಂಬಿದ್ದೆ. ಚಿಕ್ಕಂದಿನಿಂದ ಅದರಲ್ಲಿ ಕೂತು ಬಾಯಲ್ಲೇ ಸದ್ದು ಮಾಡುತ್ತ ಬೆಟ್ಟ ಹತ್ತಿದವನು ನಾನು.

ಅಪ್ಪ ಜಂಬಣ್ಣ ಅದನ್ನು ಅಕ್ಕನಿಗೆ ಕೊಟ್ಟ. ಅಕ್ಕ ಹುಲಿಗೆಮ್ಮ ಹೊಂಡದ ಪಂಪುಗಳನ್ನು ರಿಪೇರಿ ಮಾಡುವವಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದ್ದಕ್ಕೆ ಅಪ್ಪ ರೊಟ್ಟಿ ಮುರಿಯುತ್ತಲೇ ಹೇಳಿದ: "ನಿನಗ ಅದನ್ನ ಓಡ್ಸಾಕ ಬೇಕು. ಅಕಿಗೆ ಬಿಚ್ಚಾಕ ಬೇಕು. ಬಿಚ್ಚೋರ ಕೈಗೇ ಕೊಡ್ತೀನಿ."

 

ಜೀಪು ಆಗ ಹೇಗಿತ್ತೆಂದರೆ, ಬಾನೆಟ್ಟಿನೊಳಗೆ ಗುಬ್ಬಿಗಳು ಸಂಸಾರ ಹೂಡಿದ್ದವು. ನಮ್ಮಲ್ಲಿ ಕಬ್ಬಿಣ ಕೊಳ್ಳಲು ಸಿಗುವುದಿಲ್ಲ. ವರ್ಷಕ್ಕೊಮ್ಮೆ ಪ್ರತಿ ಮನೆಗೂ ಲೋಹಪಾಲು ಕೊಡುತ್ತಾರೆ. ಅದರಲ್ಲೇ ಪಾತ್ರೆ, ಕುಡುಗೋಲು, ಬಾಗಿಲ ಚಿಲಕ ಎಲ್ಲ ಆಗಬೇಕು. ಅಕ್ಕ ತನ್ನ ಪಾಲನ್ನೆಲ್ಲ ಜೀಪಿಗೆ ಸುರಿದು ತಾನು ಮಣ್ಣಿನ ಗಡಿಗೆಯಲ್ಲಿ ಅಡುಗೆ ಮಾಡಿಕೊಂಡಳು. ಬ್ರೇಕಿನ ರಬ್ಬರು ಎಲ್ಲೂ ಸಿಗದೆ, ಬಿಸಾಡಿದ ಪಂಪಿನ ವಾಷರನ್ನೇ ಕೆತ್ತಿ ಕೂರಿಸಿದಳು. ಡೀಸೆಲ್ ನಮಗೆ ಅಜ್ಜಿಕಥೆ. ಅವಳು ಹೊಂಗೆ ಎಣ್ಣೆಯನ್ನು ಕಾಯಿಸಿ, ಸೀರೆಯ ಪದರದಲ್ಲಿ ಸೋಸಿ, ಅದನ್ನೇ ಎಂಜಿನ್ನಿಗೆ ಕುಡಿಸಲು ನೋಡಿದಳು. ತುಕ್ಕು ಕೆರೆದ ಮೈಗೆ ಬಣ್ಣ ಬೇಕಲ್ಲ, ನಮ್ಮ ಗುಡ್ಡದ ಕೆಮ್ಮಣ್ಣನ್ನೇ ನುಣ್ಣಗೆ ಅರೆದು ಎಣ್ಣೆಯಲ್ಲಿ ಕಲಸಿ ಬಳಿದಳು. ನೋಡಲು ಬಂದ ಓಣಿಯವರು "ತಂಗಿ, ಚಂದ ಆಗೇತಿ" ಎಂದರು. ನಾನು ಒಪ್ಪವಾಗಿಲ್ಲ ಎಂದೆ. ಒಪ್ಪವಾಗಿತ್ತು.

ಇಷ್ಟಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಸಹಿಸಲಾಗದ್ದು ನಿಮ್ಮಿಬ್ಬರ ಗೆಳೆತನ. ಒಂದೊಂದು ಭಾಗ ಬಿಚ್ಚಿದ ಹಾಗೂ ಅಕ್ಕ ನಿಮ್ಮನ್ನು ಗುರುತು ಹಿಡಿಯತೊಡಗಿದಳು. ಕಾಲಿಡುವ ಜಾಗದ ತೂತಿಗೆ ನೀವು ಎಣ್ಣೆ ಡಬ್ಬಿ ಸೀಳಿ ತಗಡು ಹೊಡೆದಿದ್ದಿರಿ. ಅದನ್ನು ಕಂಡು ಅವಳು ನಕ್ಕಳು. "ಪಾಪ, ಕೈಯಾಗ ರೊಕ್ಕ ಇರಲಿಲ್ಲ ಕಾಣ್ತೈತಿ." ಸೀಟಿನೊಳಗೆ ತೆಂಗಿನ ನಾರು ತುಂಬಿ, ಮೇಲೆ ಕಂಬಳಿ ಹೊದಿಸಿ, ಸಣ್ಣ ಸಣ್ಣ ಹೊಲಿಗೆ ಹಾಕಿದ್ದಿರಿ. ಚಾಸಿಯ ಬಿರುಕಿಗೆ ನೀವು ಮಾಡಿದ ವೆಲ್ಡಿಂಗನ್ನು ನನಗೆ ಕರೆದು ತೋರಿಸಿದಳು. ಅದರ ಮೇಲೆ ಬೆರಳಾಡಿಸುತ್ತ, "ಇಲ್ಲಿ ಜೀಪಜ್ಜ ಇನ್ನೂ ಕಲಿಯಾಕತ್ತಿದ್ದ. ಇಲ್ಲಿಗೆ ಬರೋಷ್ಟೊತ್ತಿಗೆ ಕೈ ಕುಂತೈತಿ, ನೋಡು" ಎಂದಳು. ನಾನು ನೋಡಿದೆ. ನನಗೆ ಕಂಡದ್ದು ಸೊಟ್ಟಗಿನ ಒಂದು ಗೆರೆ.

ಅಜ್ಜಾ, ನಿಮ್ಮನ್ನು ಕಂಡರೂ ನನಗೆ ಹೊಟ್ಟೆಕಿಚ್ಚು. ನಿಮ್ಮ ಊರಿನಲ್ಲಿ ಗುಜರಿ ಅಂಗಡಿಗಳಿವೆಯಂತೆ. ಒಂದು ಗೇರ್‌ಬಾಕ್ಸು ಬೇಕೆಂದರೆ ರಾಶಿಯಲ್ಲಿ ಕೈಯಾಡಿಸಿ, ಚೌಕಾಸಿ ಮಾಡಿ, ಚಹಾ ಕುಡಿದು, ಹೆಗಲಮೇಲಿಟ್ಟುಕೊಂಡು ಬರಬಹುದಂತೆ. ಜಾಕು ಇಲ್ಲದಿದ್ದರೆ ಗೆಳೆಯ ಕೊಡುತ್ತಾನಂತೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದರೂ ಏಳದೆ ಗಾಡಿಯ ಕೆಳಗೆ ಮಲಗಿರಬಹುದಂತೆ. ನಿಮ್ಮದು ಬಡತನವೆಂದು ಅಕ್ಕ ಮರುಗುತ್ತಾಳೆ. ನನಗಂತೂ ಹಾಗನ್ನಿಸಿಲ್ಲ.

ಎಂಜಿನ್ನು ಕೊನೆಗೊಂದು ಬೆಳಿಗ್ಗೆ ಕೆಮ್ಮಿ, ಕರಿದ ಬಜ್ಜಿಯ ವಾಸನೆಯ ಹೊಗೆ ಬಿಟ್ಟು, ನಿಂತಿತು. ಆಮೇಲೆ ಮತ್ತೆ ಶುರುವಾಯಿತು, ನಿಲ್ಲಲಿಲ್ಲ. ಅಪ್ಪ ಕೋಲೂರಿಕೊಂಡು ಹೊರಗೆ ಬಂದು ಕೇಳಿದ್ದು ಒಂದೇ ಮಾತು: "ರಾಮಗಡದ ನೆತ್ತಿಗೆ ಹೋಕ್ಕತೇನು?"

ಆ ಗುಡ್ಡದ ಮೇಲೆ ನಮ್ಮ ಅವ್ವನ ಗೋರಿ ಇದೆ. ಹಾಸುದಾರಿ ಅಲ್ಲಿಗಿಲ್ಲ. ಮೊಣಕಾಲು ಸೋತ ಮೇಲೆ ಅಪ್ಪ ಅಲ್ಲಿಗೆ ಹೋಗಿರಲಿಲ್ಲ. ಹೊತ್ತೊಯ್ಯುತ್ತೇನೆಂದರೆ ಬೈಯುತ್ತಿದ್ದ.

ಹೊರಟೆವು. ಅಕ್ಕ ಸ್ಟೇರಿಂಗ್ ಹಿಡಿದಳು, ಅಪ್ಪ ಪಕ್ಕದಲ್ಲಿ ಚೆಂಡುಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತ. ನಾನು ಮುಂದೆ ನಡೆಯುತ್ತ, ಯಾವ ಕಲ್ಲಿನ ಮೇಲೆ ಚಕ್ರ ಹತ್ತಿಸಬೇಕು, ಯಾವುದನ್ನು ಬಿಡಬೇಕು ಎಂದು ಕೈಯಲ್ಲಿ ತೋರಿಸುತ್ತಿದ್ದೆ. ಕಲ್ಲೆತ್ತುವವನಿಗೆ ಕಲ್ಲಿನ ಕೆಲಸ. ನಡುದಾರಿಯ ಏರಿನಲ್ಲಿ ಅಕ್ಕ ಗಾಡಿ ನಿಲ್ಲಿಸಿ ಇಳಿದಳು.

"ಗಾದಿ, ಇಲ್ಲಿಂದ ನೀ ಹತ್ಸು. ನಾ ಕಲ್ಲು ತೋರಿಸ್ತೀನಿ."

ಅವಳಿಗೆ ಸುಸ್ತಾಗಿರಲಿಲ್ಲ. ನನ್ನ ಮುಖ ನೋಡಿ ಇಳಿದಿದ್ದಳು. ನಾನು ಹತ್ತಿ ಕೂತೆ. ಕೊಟ್ಟಿಗೆಯಲ್ಲಿ ಸಾವಿರ ಸಲ ಹತ್ತಿದ್ದ ಬೆಟ್ಟ ಇದು. ಕ್ಲಚ್ಚು ಬಿಟ್ಟೆ, ಎಂಜಿನ್ನು ಸತ್ತಿತು, ಜೀಪು ಹಿಂದಕ್ಕೆ ಜಾರತೊಡಗಿತು. ನನ್ನ ಕಾಲು ಬ್ರೇಕನ್ನು ಹುಡುಕುವುದರೊಳಗೆ ಅಕ್ಕ ಹಿಂದಿನ ಚಕ್ರಕ್ಕೆ ಗುಂಡುಕಲ್ಲು ನೂಕಿದ್ದಳು. ಬುಟ್ಟಿಯ ಹೂವೆಲ್ಲ ಅಪ್ಪನ ಕಾಲ ಬುಡದಲ್ಲಿ ಚೆಲ್ಲಿತ್ತು.

"ಇಳೀಲೇ ಗಾದಿ," ಎಂದ ಅಪ್ಪ. "ನಾನು ಮ್ಯಾಲೆ ಹೋಗಬೇಕಾಗೇತಿ, ಕೆಳಗಲ್ಲ."

ಇಳಿದೆ. ಅಕ್ಕ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನೆತ್ತಿಯ ಮೇಲೆ ಗಾಳಿ ಜೋರಾಗಿತ್ತು. ಅಪ್ಪ ಗೋರಿಯ ಪಕ್ಕ ಕೂತು, ಮೇಲೆ ಬೆಳೆದಿದ್ದ ಹುಲ್ಲನ್ನು ಒಂದೊಂದಾಗಿ ಕಿತ್ತ. ಹೂವಿಟ್ಟ. ಆಮೇಲೆ ಪಕ್ಕದ ಮನೆಯವರೊಡನೆ ಮಾತಾಡುವ ದನಿಯಲ್ಲಿ, "ನೋಡು, ಹುಲಿಗಿ ಕರಕೊಂಡು ಬಂದ್ಲು" ಎಂದ. ಬುಡದಿಂದ ನೆತ್ತಿಯವರೆಗೆ ನಡೆದು ಬಂದವನ ಹೆಸರು ಎತ್ತಲಿಲ್ಲ. ಅಕ್ಕ ಗೋರಿಯ ಕಡೆಗೆ ಬಾಗಿ, "ಗಾದಿ ದಾರಿ ತೋರಿಸಿದನಬೇ, ಇಲ್ಲಂದ್ರ ಬರಾಕ ಆಗ್ತಿರಲಿಲ್ಲ" ಎಂದು ಸೇರಿಸಿದಳು. ಆ ಒಳ್ಳೆಯತನದ ಮೇಲೂ ನನಗೆ ಹೊಟ್ಟೆ ಉರಿಯಿತು. ಅಪ್ಪನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಆದರೆ ಎರಡೂ ಒಂದೇ ನೀರಲ್ಲ.

ಈಗ ಅಪ್ಪ ಹುಣ್ಣಿಮೆಗೊಮ್ಮೆ ನೆತ್ತಿಗೆ ಹೋಗಿಬರುತ್ತಾನೆ. ಬೇಸಿಗೆಯಲ್ಲಿ ಬತ್ತಿದ ಹೊಂಡದ ತಳದಲ್ಲಿ ಅಕ್ಕ ನನಗೆ ಗಾಡಿ ಕಲಿಸಿದಳು. ಸಮನೆಲದಲ್ಲಿ ಚೆನ್ನಾಗಿಯೇ ಓಡಿಸುತ್ತೇನೆ. ಓಡಿಸುವಾಗ ಸಂತೋಷವಾಗುತ್ತದೆ ಎಂದುಕೊಂಡಿದ್ದೆ, ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಬೇಕಿದ್ದದ್ದು ಅದಲ್ಲ ಎಂದು ತಿಳಿದದ್ದು ಓಡಿಸಿದ ಮೇಲೆಯೇ. ಅವಳು ನಿಮ್ಮ ಕೈಗೆ ಕೈಯಿಟ್ಟಿದ್ದಾಳೆ. ನಾನು ನಿಮ್ಮ ಸೀಟಿನ ಮೇಲೆ ಕೂತಿದ್ದೇನೆ, ಅಷ್ಟೇ. ಮೊನ್ನೆ ಅವಳು ಪಂಪಿನ ಕೆಲಸಕ್ಕೆ ಹೋದಾಗ ಒಂದು ಸ್ಪ್ಯಾನರ್ ಹಿಡಿದು ಇಡೀ ಜೀಪನ್ನು ಸುತ್ತಿದೆ. ಬಿಗಿ ಮಾಡಲು ಒಂದು ನಟ್ಟೂ ಸಿಗಲಿಲ್ಲ. ಎಲ್ಲವನ್ನೂ ಮುಗಿಸಿಬಿಟ್ಟಿದ್ದಾಳೆ.

ಆದ್ದರಿಂದ ಒಂದು ಬೇಡಿಕೆ. ನೀವಿನ್ನೂ ಕೆಲಸದ ನಡುವೆ ಇದ್ದೀರಿ. ಎಲ್ಲವನ್ನೂ ಸರಿಮಾಡಬೇಡಿ. ಯಾವುದಾದರೂ ಒಂದನ್ನು, ಜೀವಕ್ಕೆ ಅಪಾಯವಿಲ್ಲದ್ದನ್ನು, ಸಣ್ಣದೊಂದು ಕೊಂಡಿಯನ್ನೋ ತಿರುಪನ್ನೋ, ದಡ್ಡನ ಕೈಗೂ ಬಗ್ಗುವಂಥದ್ದನ್ನು, ಹಾಗೆಯೇ ಕೆಟ್ಟಂತೆ ಬಿಡಿ. ಹುಲಿಗೆಮ್ಮನ ಕಣ್ಣಿಗೆ ಬೀಳದ ಜಾಗದಲ್ಲಿ ಬಿಡಿ.

ನಾಳೆ ಬೆಳಿಗ್ಗೆ ಅವಳು ಏಳುವ ಮುಂಚೆ ಹೋಗಿ ಹುಡುಕುತ್ತೇನೆ.

ನಿಮ್ಮ
ಗಾದಿಲಿಂಗ