ಮಸಿಮುಖಿಯ ಮೂರು ರೆಪ್ಪೆ

ಮೇ 6, ಬೆಳಿಗ್ಗೆ 7

ಕಟಿಂಗ್ ಟೇಬಲ್ಲಿನ ಸ್ಟೀಲ್ ಸ್ಕೇಲು ಬಗ್ಗಿದೆ. ನಡುಮಧ್ಯೆ ಸಣ್ಣ ಗೂನು. ಯಾರು ಬೀಳಿಸಿದ್ದು ಅಂತ ಕೇಳಿದೆ. ಸೊಸೆ ಗೊತ್ತಿಲ್ಲ ಅಂದಳು. ಮಗ ಹೊಲಿಗೆ ಮಿಷನ್ನಿನಿಂದ ತಲೆಯೇ ಎತ್ತಲಿಲ್ಲ. ಈ ಮನೆಯಲ್ಲಿ ಪ್ರತಿಯೊಂದು ವಸ್ತುವೂ ತಾನಾಗಿಯೇ ಬಿದ್ದು ತಾನಾಗಿಯೇ ಕೆಡುತ್ತದೆ.

ಶಾಲೆ ಶುರುವಾಗಲು ನಾಲ್ಕು ವಾರ. ಇನ್ನೂರ ಹತ್ತು ಸ್ಕರ್ಟು, ನೂರ ಎಂಬತ್ತು ಅಂಗಿ. ಮಗ ಹೊಲಿಯುತ್ತಾನೆ. ಸೊಸೆಯದು ಬಟ್ಟೆಗೆ ಗೆರೆ ಹಾಕುವುದು, ಕಾಜ, ಗುಂಡಿ, ಇಸ್ತ್ರಿ. ಕತ್ತರಿಸುವುದು ನಾನೊಬ್ಬಳೇ. ನಲವತ್ತೊಂದು ವರ್ಷದಿಂದ. ನನ್ನ ಕತ್ತರಿಯನ್ನು ಬೇರೆಯವರು ಮುಟ್ಟುವ ಹಾಗಿಲ್ಲ.

ಹೊಸ ಸ್ಕೇಲು ತರಿಸಬೇಕು.

ಮೇ 8

ಹೊಸ ಸ್ಕೇಲಿಗೂ ಗೂನು. ಅಂಗಡಿಯವನಿಗೆ ಫೋನು ಮಾಡಿ ಬೈದೆ. ಅಮ್ಮಾ ಅಮ್ಮಾ ಅನ್ನುತ್ತಾ ಬೇರೆ ಕಳಿಸುತ್ತೇನೆ ಅಂದ. ಟೇಬಲ್ಲಿನ ಮೇಲಿನ ಟ್ಯೂಬ್‌ಲೈಟೂ ಮಂಕು. ಬದಲಾಯಿಸು ಅಂದರೆ ಮಗ, ಹೋದ ತಿಂಗಳಷ್ಟೇ ಹಾಕಿದ್ದು ಅಂದ. ನಾನೇನು ಕುರುಡಿಯಾ ಅಂತ ಕೇಳಿದೆ. ಬದಲಾಯಿಸಿದ.

ಮೇ 11, ಭಾನುವಾರ, ಸಂಜೆ 7

ಸಿನೆಮಾ ನೋಡಿ ಬಂದೆ. ನಾನು. ಬೊಂಬೆಚಿತ್ರದ ಸಿನೆಮಾ, ಕಾರ್ಟೂನು.

ಮೊಮ್ಮಗಳ ಕಾಟ. ಹದಿನಾಲ್ಕು ವರ್ಷ, ಪಿಟೀಲು ಅಂತ ಹೆಸರಿಟ್ಟದ್ದು ನಾನೇ. ಬೇಕಾದ್ದು ಸಿಗುವ ತನಕ ಕುಯ್ಯುತ್ತಲೇ ಇರುತ್ತಾಳೆ. ಒಬ್ಬಳನ್ನೇ ಕಳಿಸುವುದಿಲ್ಲ ಅಂದೆ. ಅವಳಪ್ಪ ಅಮ್ಮನಿಗೆ ಪುರುಸೊತ್ತಿಲ್ಲ. ಸರಿ, ಕಾವಲಿಗೆ ಹೋಗಿ ಎರಡು ಗಂಟೆ ನಿದ್ದೆ ಮಾಡಿದರಾಯಿತು ಅಂದುಕೊಂಡೆ.

ನಿದ್ದೆ ಎಲ್ಲಿ? ಒಂದು ಊರು. ಗೋಪುರದಷ್ಟು ಎತ್ತರದ ಒಂದು ಯಂತ್ರ ಬಂದು ದೀಪಗಳನ್ನೆಲ್ಲ ನುಂಗುತ್ತದೆ. ಬೀದಿದೀಪ, ಮನೆಯ ದೀಪ, ಕೊನೆಗೆ ಕೈಯಲ್ಲಿ ಹಿಡಿದ ಮೇಣದ ಬತ್ತಿ. ಕತ್ತಲಾದ ಕಡೆ ಜನ ಒಬ್ಬರನ್ನೊಬ್ಬರು ಮರೆಯುತ್ತಾರೆ. ಅದಕ್ಕೆ ಎದುರಾಗಿ ಒಬ್ಬ ಹುಡುಗಿ. ಭುಜದಿಂದ ಬೆನ್ನಿಗೆ ಇಳಿಬಿಟ್ಟ ಕಪ್ಪು ಕೇಪು, ಒಳಗೆ ಕೆಂಪು ಅಸ್ತರು. ಅಂಚಿನ ಹೊಲಿಗೆಯನ್ನೂ ಬಿಡದೆ ಬರೆದಿದ್ದಾರೆ. ಹೆಸರು ಉದ್ದುದ್ದ, ನನ್ನ ನಾಲಿಗೆಗೆ ಹೊರಳಲಿಲ್ಲ. ಮಸಿಮುಖಿ ಅಂತ ನಾನೇ ಕರೆದೆ. ಯಾಕೆಂದರೆ ಅವಳಿಗೆ ಮುಖ ಇಲ್ಲ. ಮುಖದ ಜಾಗದಲ್ಲಿ ಮಸಿ ಒರೆಸಿದ ಹಾಗೆ ಒಂದು ಕಲೆ, ಅಷ್ಟೆ. ಊರಿನ ಉಳಿದವರದ್ದೂ ಅಷ್ಟಕ್ಕಷ್ಟೇ. ಬೊಂಬೆಚಿತ್ರ ತಾನೆ, ಅಷ್ಟು ಜನಕ್ಕೆ ಕಣ್ಣು ಮೂಗು ಬರೆಯುತ್ತಾ ಯಾರು ಕೂರುತ್ತಾರೆ?

ಸೇತುವೆ ಕುಸಿಯುತ್ತದೆ. ಅವಳು ಕೆಳಗೆ ಹೋಗಿ ಬೆನ್ನು ಕೊಡುತ್ತಾಳೆ. ಊರಿಗೆ ಊರೇ ದಾಟುವ ತನಕ ಕದಲುವುದಿಲ್ಲ. ನನ್ನ ಕೈ ಸೀಟಿನ ಹಿಡಿಯನ್ನು ಎಷ್ಟು ಗಟ್ಟಿ ಹಿಡಿದಿತ್ತು ಅಂದರೆ ಈಗಲೂ ಬೆರಳು ನೋಯುತ್ತಿದೆ.

ಪಿಟೀಲು ಮೂಗು ಸೊರಗುಟ್ಟಿಸುತ್ತಿದ್ದಳು. ನಾನು ಅಳಲಿಲ್ಲ. ಮಸಿಮುಖಿಯೂ ಅಳಲಿಲ್ಲವಲ್ಲ.

ಮೇ 12, ಬೆಳಿಗ್ಗೆ 6

ಎದ್ದಾಗಿನಿಂದ ಅದೇ ತಲೆಯಲ್ಲಿ. ನನ್ನ ವಯಸ್ಸಿಗೆ ನಾಚಿಕೆಗೇಡು. ಆದರೂ ಬರೆದಿಡುತ್ತೇನೆ, ಓದುವವರು ಯಾರಿದ್ದಾರೆ?

ಮುಖ ಇಲ್ಲದಿದ್ದರೆ ಎಷ್ಟು ಅನುಕೂಲ. ಹೆದರಿಕೆ ಯಾರಿಗೂ ಕಾಣುವುದಿಲ್ಲ. ನಮ್ಮ ಯಜಮಾನರು ಸತ್ತಾಗ ಮಗನಿಗೆ ಒಂಬತ್ತು ವರ್ಷ. ಮೂರನೇ ದಿನ ಟೇಬಲ್ಲಿನ ಮುಂದೆ ನಿಂತೆ. ಗಟ್ಟಿಗಿತ್ತಿ ಅಂದರು ಎಲ್ಲ. ಒಳಗೆ ಏನಿತ್ತು ಅಂತ ನನಗೊಬ್ಬಳಿಗೇ ಗೊತ್ತು. ಮಸಿಮುಖಿಗೂ ಹಾಗೇ ಇರಬೇಕು. ಬರೆದವರು ಯಾರೋ, ತಿಳಿದವರು.

ಪಿಟೀಲಿಗೆ ಅದೇ ಕೇಪು ಬೇಕಂತೆ, ಗೆಳತಿಯರ ಜೊತೆ ಇನ್ನೊಮ್ಮೆ ಹೋಗುವಾಗ ಹಾಕಿಕೊಳ್ಳಲು. ಕೆಲಸದ ಹೊತ್ತಿನಲ್ಲಿ ಇದೊಂದು ಅಂತ ಗದರಿದೆ. ಅಳತೆ ತೆಗೆದುಕೊಂಡೆ.

ಮೇ 14, ಮಧ್ಯಾಹ್ನ 3

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕೇಪಿನ ಮಾದರಿಗೆ ಅಂತ ಪಿಟೀಲು ಪೋಸ್ಟರ್ ತಂದು ಟೇಬಲ್ಲಿನ ಮೇಲೆ ಹಾಸಿದಳು. ಕಾಲರು ನೋಡಿದೆ, ಸರಿ. ಮುಖ ಬಿಟ್ಟು ಎಲ್ಲ ಚೆನ್ನಾಗಿ ಬರೆದಿದ್ದಾರೆ ಅಂದೆ. ನಕ್ಕಳು. ಇವಳಿಗೆ ಮುಖವೇ ಇಲ್ಲವಲ್ಲ, ಅದೇ ನನಗೆ ಹಿಡಿಸಿದ್ದು ಅಂದೆ. ತಮಾಷೆ ಅಂದುಕೊಂಡಳು. ಆಮೇಲೆ ನಗು ನಿಂತಿತು.

"ಅಜ್ಜಿ, ಅವಳ ಮುಖದ ಅರ್ಧ ಕಣ್ಣೇ ಇದೆ. ಪಿಕ್ಚರ್ ಪೂರ್ತಿ ಅಳ್ತಾನೇ ಇದ್ಲಲ್ಲ. ಸೇತುವೆ ಹೊತ್ಕೊಂಡಾಗ ಎಷ್ಟು ಅತ್ಲು, ನೀನು ನೋಡ್ಲಿಲ್ವಾ?"

ನೋಡಿದೆ ಅಂದೆ. ನಿನ್ನನ್ನು ಪರೀಕ್ಷೆ ಮಾಡಿದೆ ಅಂದೆ. ನೀರು ತಾ ಅಂತ ಒಳಗೆ ಕಳಿಸಿದೆ.

ನೆಟ್ಟಗೆ ನೋಡಿದರೆ ಮಸಿ. ತಲೆ ಓರೆ ಮಾಡಿ ಪೋಸ್ಟರಿನ ಮೂಲೆ ನೋಡಿದರೆ... ಪಕ್ಕದಲ್ಲಿ ಎರಡು ದೊಡ್ಡ ಕಣ್ಣು. ಮತ್ತೆ ನೇರ ನೋಡಿದೆ. ಹೋಯಿತು. ಓರೆ, ಬಂತು. ನೇರ, ಹೋಯಿತು.

ಸ್ಕೇಲು ಬಗ್ಗಿಲ್ಲ.

ಮೇ 14, ಸಂಜೆ

ಯಾರಿಗೂ ಹೇಳಿಲ್ಲ.

ಮೇ 15, ಬೆಳಿಗ್ಗೆ 5

ಎಡಗಣ್ಣು ಚಿಕ್ಕಂದಿನಿಂದಲೇ ಮಂಜು. ಇದ್ದದ್ದು ಬಲಗಣ್ಣೊಂದೇ. ಬಾಗಿಲ ಚೌಕಟ್ಟು ನೋಡಿದೆ, ನಡುವೆ ಒಳಕ್ಕೆ ಎಳೆದ ಹಾಗೆ. ಗಡಿಯಾರದಲ್ಲಿ ಸುತ್ತಲಿನ ಅಂಕೆ ಇದೆ, ಮುಳ್ಳು ಸೇರುವ ಜಾಗ ಇಲ್ಲ. ಬರೆಯುತ್ತಿರುವ ಅಕ್ಷರ ಬರೆಯುತ್ತಿರುವಾಗಲೇ ಮಾಯ. ಕೈಗೆ ರೂಢಿ ಇದೆ, ಅದರ ಪಾಡಿಗೆ ಅದು ಬರೆಯುತ್ತದೆ.

ಮೊದಲೇ ಯಾಕೆ ಗೊತ್ತಾಗಲಿಲ್ಲ? ನಾನು ಜನರನ್ನು ಭುಜದಿಂದ ಗುರುತಿಸುವವಳು. ಯಾರ ಎಡಭುಜ ಇಳಿದಿದೆ, ಯಾರ ನಡಿಗೆ ಎಂಥದ್ದು. ಮುಖ ಬೇಕೇ ಆಗಲಿಲ್ಲ. ಸೊಸೆಯ ಮುಖ ಕೊನೆಗೆ ಯಾವಾಗ ನೋಡಿದ್ದು? ನೆನಪಿಲ್ಲ.

ನನ್ನ ಅತ್ತೆ ಕೊನೆಯ ಒಂಬತ್ತು ವರ್ಷ ಕುರುಡಿಯಾಗಿದ್ದರು. ಕಿಟಕಿಯ ಕೆಳಗೆ ಅವರ ಮಂಚ. ಒಂದು ಸಲ ಬಟ್ಟೆಯ ಥಾನುಗಳನ್ನು ಇಡಲು ಮಂಚವನ್ನು ಆಚೆ ಗೋಡೆಗೆ ಸರಿಸಿದೆ. ಅವರಿಗೆ ಹೇಳಲಿಲ್ಲ. ಇಲ್ಲದ ಮಂಚದ ಮೇಲೆ ಕೂರಲು ಹೋಗಿ ಬಿದ್ದರು. ಬಿದ್ದಲ್ಲೇ ಕೂತು, ನಾನೇ ನೋಡಿಕೊಳ್ಳಬೇಕಿತ್ತು ಬಿಡು ಅಂದರು.

ಹೌದು ಅಂದೆ ನಾನು. ಕೆಲಸ ಇತ್ತು.

ಅವರು ಎದುರಿಗೆ ಕೂತಿರುವಾಗಲೇ "ಇವರಿಗೆ ಊಟ ಆಯ್ತಾ" ಅಂತ ಬೇರೆಯವರನ್ನು ಕೇಳುತ್ತಿದ್ದೆ. ಈಗ ಆ ಕಿಟಕಿಯ ಕೆಳಗೆ ಇಸ್ತ್ರಿ ಟೇಬಲ್. ನಾಳೆ ಅಲ್ಲಿ ನನ್ನ ಮಂಚ ಹಾಕುತ್ತಾರೇನೋ. ಸೊಸೆ ಬಂದು ಇಪ್ಪತ್ತು ವರ್ಷ. ಅವಳಿಗೆ ಒಂದು ಒಳ್ಳೆ ಮಾತು ಆಡಿದ ಲೆಕ್ಕ ಒಂದು ಕೈಯ ಬೆರಳನ್ನೂ ತುಂಬದು.

ಮೇ 22, ಸಂಜೆ 5

ಗುಂಡಿ ತರಲು ಹೋಗುತ್ತೇನೆ ಅಂತ ಸುಳ್ಳು ಹೇಳಿ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದೆ. ಮೆಟ್ಟಿಲು ಎಣಿಸಿಕೊಂಡು ಹತ್ತಿದೆ. ಪಕ್ಕದ ಸಾಲಿನ ತುದಿಯ ಸೀಟು. ಪರದೆ ನೋಡಲಿಲ್ಲ. ಬಾಗಿಲ ಮೇಲಿನ ಕೆಂಪು ದೀಪವನ್ನೇ ನೋಡುತ್ತಾ ಕೂತೆ. ಆಗ ಅವಳು ಓರೆಯಲ್ಲಿ ಬಂದಳು.

ದೊಡ್ಡ ಕಣ್ಣು. ಕೆಳಗೆ ಕಡ್ಡಿ ಗೀರಿದ ಹಾಗೆ ರೆಪ್ಪೆ. ಪಿಟೀಲು ಹೇಳಿದ್ದು ನಿಜ. ಮೊದಲಿನಿಂದ ಕೊನೆಯ ತನಕ ಅಳುತ್ತಾಳೆ. ಹೆದರಿ ಬಿಳಿಚಿಕೊಳ್ಳುತ್ತಾಳೆ. ಯಂತ್ರ ನೋಡಿ ಒಂದು ಸಲ ಓಡಿಯೂ ಹೋಗುತ್ತಾಳೆ. ನಾನು ಕಳೆದ ಸಲ ಅದನ್ನು ಏನೋ ಉಪಾಯ ಅಂದುಕೊಂಡಿದ್ದೆ. ಸೇತುವೆಯ ಕೆಳಗೆ ನಿಂತಾಗ ಸಣ್ಣ ಮಗುವಿನ ಹಾಗೆ ಅತ್ತಳು, ಸಿಂಬಳ ಸಮೇತ. ಆದರೂ ಕದಲಲಿಲ್ಲ.

ಬಾಗಿಲ ಕಡೆಯ ಸೀಟಿನವಳು ಕೊನೆಗೂ ಕೇಳಿದಳು, "ಏನಮ್ಮಾ, ಆಗಿಂದ ನನ್ನನ್ನೇ ನೋಡ್ತಿದೀರಿ, ನನ್ನ ಮುಖದಲ್ಲಿ ಏನಾದ್ರೂ ಅಂಟಿದೆಯಾ?"

ಅಂಟಿದ್ದರೂ ನನಗೆ ಕಾಣಬೇಕಲ್ಲ. ಇಲ್ಲ ಅಂದೆ. ಅವಳು ಜಾಗ ಬದಲಾಯಿಸಿದಳು.

ಇಳಿಯುವಾಗ ಒಂದು ಮೆಟ್ಟಿಲು ತಪ್ಪಿತು. ಕಂಬಿ ಸಿಕ್ಕಿತು. ಮನೆಗೆ ಬಂದು ನೋಡಿದರೆ ಗುಂಡಿ ತಂದಿಲ್ಲ. ಸೊಸೆ ಏನೂ ಕೇಳಲಿಲ್ಲ. ಅದೇ ಭಯವಾಯಿತು.

ಮೇ 24, ಮಧ್ಯಾಹ್ನ 1

ಬೆಳಿಗ್ಗೆ ಬಟ್ಟೆಯ ಹನ್ನೆರಡು ಪದರ ಒಟ್ಟಿಗೆ ಇಟ್ಟು ಸ್ಕರ್ಟು ಕತ್ತರಿಸಿದೆ. ಕತ್ತರಿ ನೆಟ್ಟಗೆ ಹೋಯಿತು ಅಂದುಕೊಂಡೆ. ಬೆರಳಾಡಿಸಿ ನೋಡಿದರೆ ಅಂಚಿನ ನಡುವೆ ಹೊಟ್ಟೆ. ನನಗೆ ನೆಟ್ಟಗೆ ಕಾಣುವಂತೆ ಕತ್ತರಿಸಿದ್ದೆಲ್ಲ ಬಟ್ಟೆಯಲ್ಲಿ ಸೊಟ್ಟ. ಹನ್ನೆರಡೂ.

ಗೆರೆ ಸರಿಯಾಗಿ ಹಾಕಿಲ್ಲ ಅಂತ ಸೊಸೆಯ ಮೇಲೆ ಹಾರಾಡಿದೆ. ಮಗ ಎದ್ದು ಆಚೆ ಹೋದ. ಸೊಸೆ ಬಗ್ಗಿ, ಟೇಬಲ್ಲಿನ ಕೆಳಗಿನ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು. ಕೈ ಹಾಕಿ ನೋಡಿದೆ. ತುಂಡುಗಳು. ಪಕ್ಕದ ಅಂಚು, ತೋಳಿನ ಬುಡ, ನಾನು ಕತ್ತರಿಸಿ ಕೆಡಿಸಿದ್ದರ ಚೂರುಗಳು. ಎರಡು ತಿಂಗಳಿಂದ ನಾನು ಸ್ನಾನಕ್ಕೆ ಹೋದಾಗ ಇವಳು ನನ್ನ ಕತ್ತರಿ ಹಿಡಿದು ಸರಿಮಾಡಿ ಇಡುತ್ತಿದ್ದಳಂತೆ. ಸೀಮೆಸುಣ್ಣದ ಗೆರೆ ಈಚೆಗೆ ದಪ್ಪವಾಗಿದ್ದದ್ದೂ ಇವಳ ಕೆಲಸ, ನನಗೆ ಕಾಣಲಿ ಅಂತ. ಸುಣ್ಣ ಮೊಂಡಾಗಿದೆ ಅಂತ ನಾನು ದಿನಾ ಬೈಯುತ್ತಿದ್ದೆ.

ನನ್ನ ಕತ್ತರಿ ಮುಟ್ಟಿದೆಯಾ ಅಂದೆ. ಬಾಯಿಗೆ ಬಂದದ್ದು ಅದೇ.

"ಮುಟ್ದೆ, ಅತ್ತೆ. ನಾಳಿದ್ದು ಸೋಮವಾರ ಕಣ್ಣಿನ ಡಾಕ್ಟರ ಹತ್ರ ಹೋಗ್ತಿದೀವಿ. ಬೈಯೋದಿದ್ರೆ ದಾರೀಲಿ ಬೈಯಿರಿ."

ಎಷ್ಟು ದಿನದಿಂದ ಗೊತ್ತು ಅಂತ ಕೇಳಿದೆ. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ ದಿನದಿಂದ ಅಂದಳು. ನನಗೆ ಹೇಳಬಹುದಿತ್ತಲ್ಲ ಅಂದೆ. ನಿಮಗೆ ಹೇಳುವ ಧೈರ್ಯ ಇದ್ದವರು ಈ ಮನೆಯಲ್ಲಿ ಯಾರು ಅಂತ ಕೇಳಿದಳು.

ಅವಳ ಬಲಭುಜ ಇಳಿದಿದೆ. ಇಸ್ತ್ರಿ ಪೆಟ್ಟಿಗೆಯ ಭಾರಕ್ಕೆ. ಇಷ್ಟು ವರ್ಷ ನಾನು ನೋಡಿದ್ದು ಅದೊಂದೇ.

ಮೇ 26, ಸಂಜೆ

ಡಾಕ್ಟರಮ್ಮ ಚಿಕ್ಕವಳು, ಪಿಟೀಲಿಗಿಂತ ಸ್ವಲ್ಪ ದೊಡ್ಡವಳಿರಬೇಕು ಅನ್ನಿಸುವ ದನಿ. ಚೌಕಳಿ ಬರೆದ ಕಾಗದ ಕೊಟ್ಟು ನಡುವಿನ ಚುಕ್ಕೆ ನೋಡಿ ಅಂದಳು. ಚುಕ್ಕೆ ಇಲ್ಲ. ಗೆರೆಗಳು ಹಳ್ಳಕ್ಕೆ ಬಿದ್ದಿವೆ. ಹಾಗಂತ ಹೇಳಿದೆ. ಗೆರೆ ನೆಟ್ಟಗಿವೆ ಅಂದಳು. ಗೊತ್ತು ಅಂದೆ, ನಾನು ಸ್ಕೇಲಿನವನಿಗೂ ಬೈದು ಬಂದಿದ್ದೇನೆ.

ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ರಕ್ತನಾಳ ಸೋರುತ್ತಿದೆಯಂತೆ. ನಡು ಜಾಗದಲ್ಲೇ. ಕಣ್ಣಿನೊಳಕ್ಕೆ ಇಂಜೆಕ್ಷನ್. ತಿಂಗಳಿಗೊಂದು. ಹೋದದ್ದು ಎಷ್ಟು ವಾಪಸು ಬರುತ್ತದೆ ಅಂತ ಹೇಳಲಾಗದು, ಇರುವುದನ್ನು ಉಳಿಸಲು ನೋಡೋಣ. ಎರಡು ತಿಂಗಳ ಹಿಂದೆ ಬರಬೇಕಿತ್ತು ಅಂದಳು. ಸೊಸೆ ಕುರ್ಚಿಯಲ್ಲಿ ಮಿಸುಕಿದ್ದು ಕೇಳಿಸಿತು. ತಪ್ಪು ನನ್ನದು ಅಂದೆ, ಗಟ್ಟಿಯಾಗಿ. ಆ ಮಾತು ಬಾಯಲ್ಲಿ ಹೊಸದಾಗಿತ್ತು.

ಕಣ್ಣಿನೊಳಕ್ಕೆ ಸೂಜಿ. ನಲವತ್ತೊಂದು ವರ್ಷ ಸೂಜಿಯ ಜೊತೆ ಬಾಳಿದವಳು ನಾನು. ಆಟೋದಲ್ಲಿ ಬರುವಾಗ ಮಂಡಿ ಒಂದಕ್ಕೊಂದು ಬಡಿಯುತ್ತಿತ್ತು. ಸೊಸೆ ತನ್ನ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಸ್ವಲ್ಪ ಹಿಡ್ಕೊಳ್ಳಿ ಅತ್ತೆ, ಭಾರ ಅಂದಳು. ಚೀಲದಲ್ಲಿ ಏನೂ ಇರಲಿಲ್ಲ.

ಮೇ 28, ಬೆಳಿಗ್ಗೆ 6

ಇವತ್ತು ಹತ್ತಕ್ಕೆ ಇಂಜೆಕ್ಷನ್.

ಕೇಪು ಮುಗಿದಿದೆ. ಅಳತೆ ನನ್ನದು, ಕತ್ತರಿಸಿದ್ದು ಸೊಸೆ. ಕತ್ತರಿಯನ್ನು ಕೈಯಾರೆ ಕೊಟ್ಟೆ. ಎರವಲು ಅಂತ ಹೇಳಿಯೇ ಕೊಟ್ಟೆ. ಅಂಚು ಮುಟ್ಟಿ ನೋಡಿದೆ. ಚೆನ್ನಾಗಿದೆ. ಅವಳಿಗೂ ಹೇಳಿದೆ. ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಅವಳಿಗೆ ನಂಬಿಕೆ ಬರಲಿಲ್ಲ.

ಪಿಟೀಲು ಕೇಪನ್ನು ಮಡಿಸಿ ನನ್ನ ಕೈಯಲ್ಲಿಟ್ಟಳು. ಆಸ್ಪತ್ರೆಗೆ ತಗೊಂಡು ಹೋಗಬೇಕಂತೆ. ಹುಚ್ಚಾ ನಿನಗೆ ಅಂದೆ.

"ಹಾಕ್ಕೋಬೇಡ ಅಜ್ಜಿ, ಸುಮ್ನೆ ಹಿಡ್ಕೋ. ಅಳು ಬಂದ್ರೆ ಅಳು. ಅವಳೂ ಅಳ್ತಾಳೆ, ಅವಳಿಗೆ ಯಾರೂ ಏನೂ ಅನ್ನಲ್ಲ."

ಚೀಲದೊಳಗೆ ಇಟ್ಟುಕೊಂಡಿದ್ದೇನೆ. ಕೆಂಪು ಅಸ್ತರು ಮೇಲೆ ಬರುವ ಹಾಗೆ.

ಜೂನ್ 2

ಅತ್ತೆ. ಆಸ್ಪತ್ರೆಯಲ್ಲಿ. ಅವಳು ಹಿಡಿದ ಕೈ ಬಿಡಲಿಲ್ಲ. ಅತ್ತೆ ಅಂದರೆ ಅಳುವುದು. ಕೈ ಹಿಡಿದದ್ದು ಸೊಸೆ. ಸರಿಯಾಗಿ ಬರೆಯಲೂ ಆಗುತ್ತಿಲ್ಲ. ಕಣ್ಣು ಉರಿ.

ಜೂನ್ 12, ಬೆಳಿಗ್ಗೆ 6.30

ಪಿಟೀಲು ಪೋಸ್ಟರನ್ನು ಕಟಿಂಗ್ ಟೇಬಲ್ಲಿನ ಎದುರು ಗೋಡೆಗೆ ಅಂಟಿಸಿದ್ದಾಳೆ. ಮಸಿಮುಖಿಯ ಬಲಗಣ್ಣಿನ ಕೆಳಗೆ ಮೂರು ರೆಪ್ಪೆ ಇದೆಯಂತೆ. ದಿನಾ ಬೆಳಿಗ್ಗೆ ಎಡಗಣ್ಣು ಮುಚ್ಚಿ, ನೆಟ್ಟಗೆ ನೋಡಿ ಎಣಿಸಬೇಕು. ಓರೆ ನೋಡಿದರೆ ಆಟದಿಂದ ಔಟು. ಹತ್ತು ದಿನದಿಂದ ಸೊನ್ನೆ. ಪ್ರತಿ ದಿನ ಎಣಿಸುವ ಮುಂಚೆ ಹೆದರಿಕೆಯಾಗುತ್ತದೆ. ಆದರೂ ನಿಲ್ಲುತ್ತೇನೆ.

ನನ್ನ ಮಂಚ ಎಲ್ಲಿತ್ತೋ ಅಲ್ಲೇ ಇದೆ. ನಾನು ಕೇಳಿರಲಿಲ್ಲ. ಬಾಗಿಲ ಹತ್ತಿರ ಹೊಸ ಥಾನು ಇಟ್ಟಿದ್ದೇನೆ ಅತ್ತೆ, ಎಡಕ್ಕೆ ಬನ್ನಿ ಅಂತ ಸೊಸೆ ಈಗ ತಾನೆ ಕೂಗಿ ಹೇಳಿದಳು. ನಮ್ಮ ಅತ್ತೆಗೆ ನಾನು ಅಷ್ಟು ಹೇಳಿದ್ದರೆ ಸಾಕಿತ್ತು.

ಈಗ ಗೋಡೆಯ ಮುಂದೆ ನಿಂತೇ ಬರೆಯುತ್ತಿದ್ದೇನೆ. ಸೊಸೆ ಪಕ್ಕದಲ್ಲಿದ್ದಾಳೆ, ಪೆನ್ನಿನ ಸದ್ದು ಕೇಳಿದರೂ ಏನು ಅಂತ ಕೇಳುವುದಿಲ್ಲ. ಎಡಗಣ್ಣು ಮುಚ್ಚಿದೆ. ಮಸಿ ಇದೆ. ಆದರೆ ಅಂಚಿನಲ್ಲಿ ತೆಳುವಾಗಿ, ತೊಳೆದ ಹಾಗೆ... ನೆಟ್ಟಗೇ ನೋಡುತ್ತಿದ್ದೇನೆ, ಓರೆ ಅಲ್ಲ.

ಒಂದು.

ಎರಡು. ಎರಡು ಹೌದು.

ಮೂರನೆಯದು...